ಹಿಡಿದು ಬಿಟ್ಟ ಮೀನು

ಕಳೆದ ಆಷಾಢದ ಒಂದು ಸಂಜೆ, ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಲೋ ಬೇಡವೋ ಎಂದು ನಾನು ಮೀನಮೇಷ ಎಣಿಸುತ್ತಿದ್ದಾಗ, ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಒಂದು ದೀರ್ಘ ಪತ್ರವೂ ಹತ್ತು ಹನ್ನೆರಡು ಚಿತ್ರಗಳೂ ಮೊಬೈಲಿಗೆ ಬಂದವು. ಆಕೆ ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಹತ್ತು ಸಾವಿರ ಸರೋವರಗಳ ನಾಡೆಂದು ಆ ಸಂಸ್ಥಾನದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ; ಹತ್ತು ಎಕರೆಗೆ ಮೇಲ್ಪಟ್ಟವನ್ನೇ ಎಣಿಸಿದರೂ ಲೆಕ್ಕ 11,842 ಆಗುತ್ತದೆಯಂತೆ. ನೀರು ಅಷ್ಟಿದ್ದ ಮೇಲೆ ಮೀನೂ ಇರಬೇಕು, ಮೀನು ಇದ್ದ ಮೇಲೆ ಗಾಳವೂ ಇರಬೇಕು. ಅಲ್ಲಿ ಮೇ ತಿಂಗಳ ತಾಯಂದಿರ ದಿನದ ವಾರಾಂತ್ಯದಲ್ಲಿ ತಾಯಂದಿರು ಪರವಾನಗಿ ಇಲ್ಲದೆಯೇ ಮೀನು ಹಿಡಿಯಬಹುದೆಂದು ಸರ್ಕಾರವೇ ರಿಯಾಯಿತಿ ಕೊಟ್ಟಿದೆ. ನಮ್ಮಲ್ಲಿ ತಾಯಿಗೆ ಸೀರೆ ಕೊಡುತ್ತೇವೆ; ಅಲ್ಲಿ ಗಾಳ ಕೊಡುತ್ತಾರೆ. ಊರಿಗೊಂದು ಆಚಾರ.

ಚಿತ್ರಗಳಲ್ಲಿದ್ದದ್ದು ಒಂದು ಸರೋವರದ ದಡದ ವಿಹಾರಧಾಮದಲ್ಲಿ ನಡೆದ ಹೆಂಗಸರ ಮೀನು ಹಿಡಿಯುವ ಸ್ಪರ್ಧೆ. ಸ್ಪರ್ಧೆಯೆನ್ನುವುದಕ್ಕಿಂತ ಜಾತ್ರೆಯೆಂದರೆ ಸರಿಯಾದೀತು. ಚಪ್ಪಟೆಯಾದ ದೋಣಿಗಳಿಗೆ ಬಣ್ಣದ ಕಾಗದದ ತೋರಣ. ಒಂದು ದೋಣಿಯಲ್ಲಿ ಮತ್ಸ್ಯಕನ್ಯೆಯರ ವೇಷ, ಇನ್ನೊಂದರಲ್ಲಿ ಕಡಲುಗಳ್ಳರ ವೇಷ, ಮತ್ತೊಂದರಲ್ಲಿ ಅಜ್ಜಿಯರ ಹಳೆಯ ಟೋಪಿಗಳು. ವೇಷಕ್ಕೂ ಬಹುಮಾನ ಉಂಟು. ಇಪ್ಪತ್ತರ ಹುಡುಗಿಯಿಂದ ಎಪ್ಪತ್ತರ ಮುದುಕಿಯವರೆಗೆ ಎಲ್ಲರ ಬಾಯಲ್ಲೂ ನಗೆ. ಹಿಡಿದ ಮೀನನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ, ಚಿತ್ರ ತೆಗೆದು, ಕೂಡಲೇ ನೀರಿಗೆ ಬಿಡಬೇಕೆಂಬುದು ನಿಯಮ. ಉದ್ದಗಳನ್ನು ಕೂಡಿ ಗೆದ್ದವರು ಯಾರೆಂದು ಹೇಳುತ್ತಾರೆ. ಪ್ರವೇಶಧನದಿಂದ ಒಟ್ಟಾದ ಹಣ ಕ್ಯಾನ್ಸರ್ ರೋಗಿಗಳ ನೆರವಿಗೆ.

ಕೊನೆಯ ಚಿತ್ರದಲ್ಲಿ ನನ್ನ ವಿದ್ಯಾರ್ಥಿನಿ ಇದ್ದಳು. ಮೊಟ್ಟೆಯನ್ನೂ ಮುಟ್ಟದ ಮನೆಯ ಹುಡುಗಿ. ಎರಡು ಕೈಯಲ್ಲಿ ಮೊಳದುದ್ದದ ಮೀನೊಂದನ್ನು ಹಿಡಿದು, ಕಣ್ಣು ಮುಚ್ಚುವಷ್ಟು ನಗುತ್ತಿದ್ದಳು. ಅದರ ಕೆಳಗೆ ಹೀಗೆ ಬರೆದಿದ್ದಳು: "ಸರ್, ಅಮ್ಮನ ವರ್ಷಾಂತಿಕ ಮುಗಿದು ಒಂದು ತಿಂಗಳಾಗಿತ್ತು. ಅವಳು ಹೋದಾಗ ನನಗೆ ಬರಲಾಗಲಿಲ್ಲ, ನಿಮಗೆ ಗೊತ್ತಿದೆ. ಆಮೇಲೆ ನಾನು ಬಾಯಿತುಂಬ ನಕ್ಕಿದ್ದು ಅಂದೇ. ಆದರೆ ಗಾಳ ಬಿಡಿಸುವಾಗ ಮೀನಿನ ತುಟಿ ಹರಿಯಿತು. ನೀರಿಗೆ ಬಿಟ್ಟೆ, ಹೋಯಿತು. ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನನ್ನು ಕೇಳುವ ಹಾಗಿಲ್ಲ. ನೀವು ಹೇಳಿ, ನಾನು ಮಾಡಿದ್ದು ತಪ್ಪೇ?"

ವಿದ್ಯಾರ್ಥಿಗಳು ಇಂಥ ಪ್ರಶ್ನೆಯನ್ನು ಪಾಠದ ಹೊತ್ತಿನಲ್ಲಿ ಕೇಳಿದರೆ ಗಂಟೆ ಹೊಡೆಯುವವರೆಗೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದು. ಪತ್ರಕ್ಕೆ ಗಂಟೆಯಿಲ್ಲ. ನಾಲ್ಕು ವಾರ ಉತ್ತರ ಬರೆಯಲಿಲ್ಲ. ಆ ನಾಲ್ಕು ವಾರ ನಾನು ಯೋಚಿಸಿದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಚಿತ್ರಗಳನ್ನು ಅಧ್ಯಾಪಕರ ಕೊಠಡಿಯಲ್ಲಿ ತೋರಿಸಿದೆ. ಒಬ್ಬ ಮಿತ್ರರು ನೋಡಿ, "ಹೆಂಗಸರೂ ಹೀಗೆ ಹೊರಟರೆ ಇನ್ನು ಲೋಕದಲ್ಲಿ ದಯೆ ಎಲ್ಲಿ ಉಳಿದೀತು?" ಎಂದರು. ನಾನೂ ತಲೆದೂಗಿದೆ. ಪಕ್ಕದಲ್ಲಿ ಕುಳಿತಿದ್ದ ಇತಿಹಾಸದ ಅಧ್ಯಾಪಿಕೆ ಕನ್ನಡಕ ತೆಗೆದಿಟ್ಟು, "ದಯೆಯನ್ನು ನಮ್ಮ ಸೆರಗಿಗೇ ಯಾಕೆ ಗಂಟು ಹಾಕುತ್ತೀರಿ? ನಿಮ್ಮ ಜೇಬಿನಲ್ಲಿ ಜಾಗವಿಲ್ಲವೇ?" ಎಂದರು. ನಾವಿಬ್ಬರೂ ಸುಮ್ಮನಾದೆವು.

ಅವರು ಹೇಳಿದ್ದು ಸರಿ. ಮಂಗಳೂರು, ಮಲ್ಪೆ, ಕಾರವಾರಗಳ ಪೇಟೆಯಲ್ಲಿ ಮೀನಿನ ಬುಟ್ಟಿ ಹೊತ್ತು, ಚೌಕಾಸಿ ಮಾಡಿ, ಮೀನು ಕತ್ತರಿಸಿ ಕೊಡುವವರು ಹೆಂಗಸರೇ. ಅದನ್ನು ಕಂಡು ಯಾರೂ 'ಸ್ತ್ರೀಸಹಜವಾದ ಕರುಣೆ ಎಲ್ಲಿ ಹೋಯಿತು' ಎಂದು ಕೊರಗಿದ್ದನ್ನು ನಾನು ಕೇಳಿಲ್ಲ. ಹೆಂಗಸು ದುಡಿಮೆಗಾಗಿ ಮೀನು ಕೊಯ್ದರೆ ನಮಗೆ ಅಡ್ಡಿಯಿಲ್ಲ. ನಗುತ್ತಾ ಗಾಳ ಹಿಡಿದರೆ ಅಡ್ಡಿ. ಹಾಗಾದರೆ ನಮ್ಮನ್ನು ಕಾಡಿದ್ದು ಮೀನಿನ ನೋವೋ ಹೆಂಗಸಿನ ನಗೆಯೋ? ಈ ಪ್ರಶ್ನೆಗೆ ನಾನು ನನ್ನೊಳಗೇ ಕೊಟ್ಟುಕೊಂಡ ಉತ್ತರ ನನಗೆ ಮರ್ಯಾದೆ ತರುವಂಥದಲ್ಲ.

ನಾನು ಹುಟ್ಟಿದ್ದು ಸೊರಬದ ಕಡೆಯ ಒಂದು ಹಳ್ಳಿಯಲ್ಲಿ. ಬೇಸಗೆಯಲ್ಲಿ ಕೆರೆಯ ನೀರು ಮೊಣಕಾಲಿಗೆ ಇಳಿದಾಗ ಅಲ್ಲಿ ಕೆರೆಬೇಟೆ ನಡೆಯುತ್ತದೆ. ಬಿದಿರಿನ ಕೂಣಿ, ಅಂದರೆ ಮೇಲೂ ಕೆಳಗೂ ಬಾಯಿರುವ ಬುಟ್ಟಿ, ಹಿಡಿದು ನೂರಾರು ಜನ ದಡದ ಸುತ್ತ ನಿಂತಿರುತ್ತಾರೆ. ಸೂಚನೆ ಸಿಕ್ಕಿದೊಡನೆ ಹೋ ಎಂದು ಒಟ್ಟಿಗೆ ನೀರಿಗಿಳಿದು, ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ತಡಕುತ್ತಾರೆ. ಆ ಕೆಸರಿನ ವಾಸನೆ, ಬುಟ್ಟಿಯೊಳಗೆ ಮೀನು ಬಡಿದುಕೊಂಡಾಗ ಅಂಗೈಗೆ ಬರುವ ಆ ನಡುಕ, ನಲವತ್ತು ದಾಟಿದ ಮೇಲೂ ನನಗೆ ನೆನಪಿದೆ. ಅದು ಹಸಿವಿನ ಸಂತೋಷವಲ್ಲ, ಬೇಟೆಯ ಸಂತೋಷ. ಆದ್ದರಿಂದ ಈ ವಿಷಯದಲ್ಲಿ ನಾನು ದಡದ ಮೇಲೆ ನಿಂತು ಉಪದೇಶ ಮಾಡುವ ಹಾಗಿಲ್ಲ. ನಮ್ಮೂರಿನಲ್ಲಿ ದಡದ ಮೇಲೆ ನಿಂತಿದ್ದವರು ಹೆಂಗಸರು. ನೀರಿಗಿಳಿಯುವ ಹುರುಪು ಗಂಡಸರದು, ಮನೆಯಲ್ಲಿ ಕುಳಿತು ಹುರುಪೆ ತೆಗೆಯುವ ಕೆಲಸ ಅವರದು. ಮಿನ್ನೆಸೋಟದ ಆ ಹೆಂಗಸರು ತಲೆಮಾರುಗಳ ಹುರುಪೆ ತೆಗೆದು ಸಾಕಾಗಿ ಒಂದು ದಿನ ದೋಣಿ ಹತ್ತಿದರೆ, ಅವರ ಸಂತೋಷದಲ್ಲಿ ನ್ಯಾಯವಿದೆ ಎಂದೇ ನನಗೆ ತೋರುತ್ತದೆ.

ಗಾಳಕ್ಕೂ ಹೆಂಗಸಿಗೂ ಇರುವ ನಂಟು ಇಂದಿನದಲ್ಲ. ಇಂಗ್ಲಿಷಿನಲ್ಲಿ ಗಾಳದ ಮೀನುಗಾರಿಕೆಯನ್ನು ಕುರಿತು 1496ರಲ್ಲಿ ಅಚ್ಚಾದ ಪ್ರಸಿದ್ಧ ಗ್ರಂಥವನ್ನು ಸಂಪ್ರದಾಯ ಜೂಲಿಯಾನ ಬರ್ನರ್ಸ್ ಎಂಬ ಸಂನ್ಯಾಸಿನಿಯ ಹೆಸರಿಗೆ ಹಚ್ಚಿದೆ. ವಿದ್ವಾಂಸರಿಗೆ ಅದರಲ್ಲಿ ಸಂಶಯವುಂಟು; ಆದರೆ ಐದು ಶತಮಾನ ಜನ ಅದನ್ನು ನಂಬಿದ್ದೂ ಒಂದು ಸಂಗತಿಯೇ. ಗಾಳವನ್ನು ದುರಾಸೆಗಾಗಿ ಹಿಡಿಯಬೇಡ, ಮನಸ್ಸಿನ ನೆಮ್ಮದಿಗೂ ಮೈಯ ಆರೋಗ್ಯಕ್ಕೂ ಹಿಡಿ ಎಂಬುದು ಆ ಗ್ರಂಥದ ಬುದ್ಧಿವಾದ. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಸಾಲ್ಮನ್ ಮೀನನ್ನು 1922ರ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಹಿಡಿದವಳು ಜಾರ್ಜಿನಾ ಬ್ಯಾಲಂಟೈನ್. ಮೀನಿನ ತೂಕ 64 ಪೌಂಡು. ಎರಡು ಗಂಟೆಗೂ ಮೀರಿದ ಹೋರಾಟ. ನೂರು ವರ್ಷ ಕಳೆದರೂ ಆ ದಾಖಲೆಯನ್ನು ಯಾವ ಗಂಡಸೂ ಮುರಿದಿಲ್ಲ. ಅಮೆರಿಕದ ದೊಡ್ಡ ಸ್ಪರ್ಧೆಗಳು ಗಂಡಸರ ಸೊತ್ತಾಗಿದ್ದ ಕಾಲದಲ್ಲಿ, 1976ರಲ್ಲಿ, ಟೆಕ್ಸಾಸಿನ ಶುಗರ್ ಫೆರಿಸ್ 'ಬ್ಯಾಸ್ನ್ ಗ್ಯಾಲ್' ಎಂಬ ಹೆಂಗಸರದೇ ಸಂಘವನ್ನು ಕಟ್ಟಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಪರ್ಧೆಗಳನ್ನು ನಡೆಸಿದಳು. 1996ರಲ್ಲಿ ವರ್ಮಾಂಟಿನಲ್ಲಿ ಹುಟ್ಟಿದ 'ಕಾಸ್ಟಿಂಗ್ ಫಾರ್ ರಿಕವರಿ' ಎಂಬ ಸಂಸ್ಥೆ ಸ್ತನದ ಕ್ಯಾನ್ಸರಿಗೆ ತುತ್ತಾದ ಹೆಂಗಸರನ್ನು ನದಿಯ ದಡಕ್ಕೆ ಕರೆದೊಯ್ದು ಗಾಳ ಬೀಸುವುದನ್ನು ಕಲಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ಬಿಗಿದ ತೋಳಿಗೆ ಆ ಮೃದುವಾದ ಬೀಸು ಹಿತವಾದ ವ್ಯಾಯಾಮ. ಮನಸ್ಸಿಗೆ ಹರಿಯುವ ನೀರೇ ಔಷಧ. ಇದನ್ನೆಲ್ಲ ಕೇಳಿದ ಮೇಲೂ 'ಹೆಂಗಸರೂ!' ಎಂದು ಹುಬ್ಬೇರಿಸುವವನು ತನ್ನ ಹುಬ್ಬನ್ನೇ ಪರೀಕ್ಷಿಸಿಕೊಳ್ಳಬೇಕು.

ಆದರೆ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಹೆಂಗಸರಿಗೂ ಗಂಡಸರಷ್ಟೇ ಹಕ್ಕಿದೆಯೆಂದು ಒಪ್ಪಿದ ಮೇಲೆ, ಆ ಹಕ್ಕು ಯಾವುದರ ಮೇಲಣ ಹಕ್ಕು ಎಂದು ಕೇಳಲೇಬೇಕಾಗುತ್ತದೆ. ಇಲ್ಲಿಯವರೆಗೆ ಮೀನನ್ನು ಯಾರೂ ಮಾತಾಡಿಸಲಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮವರು ಒಂದೇ ಮಾತಿನಲ್ಲಿ ತೀರ್ಪು ಹೇಳಿಬಿಟ್ಟಿದ್ದಾರೆ. ಆಟ ಆಟವಾಗುವುದು ಇಬ್ಬರಿಗೂ ಅದು ಆಟವೆಂದು ಗೊತ್ತಿದ್ದಾಗ. ಕಬಡ್ಡಿಯಲ್ಲಿ ಸಿಕ್ಕಿಬಿದ್ದವನ ಮೇಲೆ ಆರು ಜನ ಬಿದ್ದರೂ ಅದು ಹಿಂಸೆಯಲ್ಲ. ಗೆರೆ ದಾಟುವಾಗಲೇ ಅವನು ಅದಕ್ಕೆ ಒಪ್ಪಿದ್ದಾನೆ. ಮೀನು ಯಾವ ಗೆರೆಯನ್ನೂ ದಾಟಿಲ್ಲ. ಅದು ಊಟಕ್ಕೆಂದು ಬಾಯಿ ತೆರೆಯಿತು. ಹೋರಾಡಿತು, ಕೆಚ್ಚಿನ ಮೀನು, ಒಳ್ಳೆಯ ಎದುರಾಳಿ ಎಂದು ಗಾಳದವರು ಹೊಗಳುತ್ತಾರೆ. ಎದುರಾಳಿಯೆಂಬ ಪದವಿಯನ್ನು ನಾವು ಅದಕ್ಕೆ ಕೇಳದೆ ಕೊಟ್ಟದ್ದು.

ಮೀನಿಗೆ ನೋವಾಗುವುದಿಲ್ಲ, ಅದು ತಣ್ಣನೆಯ ರಕ್ತದ ಪ್ರಾಣಿ ಎಂಬ ಸಮಾಧಾನವೊಂದು ಹಿಂದೆ ಇತ್ತು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಲ್ಲಿ ಟ್ರೌಟ್ ಮೀನುಗಳನ್ನು ಪರೀಕ್ಷಿಸಿ, ಅವುಗಳ ಮುಖದಲ್ಲಿ ನೋವನ್ನು ಗ್ರಹಿಸುವ ನರಾಗ್ರಗಳಿವೆಯೆಂದು ತೋರಿಸಿದರು. ತುಟಿಗೆ ಜೇನುನೊಣದ ವಿಷವನ್ನೋ ಹುಳಿಯ ದ್ರಾವಣವನ್ನೋ ಚುಚ್ಚಿದಾಗ ಆ ಮೀನುಗಳು ಆಹಾರ ಬಿಟ್ಟು ಓಲಾಡಿದವು. ಹುಳಿ ಚುಚ್ಚಿಸಿಕೊಂಡವು ತುಟಿಯನ್ನು ತೊಟ್ಟಿಯ ತಳದ ಕಲ್ಲುಹರಳಿಗೆ ಉಜ್ಜಿಕೊಂಡವು. ಮಾರ್ಫಿನ್ ಕೊಟ್ಟಾಗ ಆ ಚೇಷ್ಟೆ ಕಡಿಮೆಯಾಯಿತು. ಇದು ನಮ್ಮ ನೋವಿನಂಥ ನೋವೇ ಎಂಬುದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಇರಲಿ. ಸಂದೇಹದ ಲಾಭ ಆರೋಪಿಗೆ ಎಂದು ಕಾನೂನು ಹೇಳುತ್ತದೆ. ಇಲ್ಲಿ ಆರೋಪಿ ಯಾರು, ಮೀನೋ ನಾವೋ ಎಂದು ತೀರ್ಮಾನಿಸಿ ಆ ಲಾಭವನ್ನು ಹಂಚಬೇಕು.

'ಬಿಟ್ಟುಬಿಡುತ್ತೇವಲ್ಲ' ಎಂಬುದು ಎರಡನೆಯ ಸಮಾಧಾನ. ಅಮೆರಿಕದ ಸ್ಪರ್ಧೆಗಳಲ್ಲಿ ಇದನ್ನು ರೂಢಿಗೆ ತಂದವನು ರೇ ಸ್ಕಾಟ್. ಹಿಡಿದದ್ದನ್ನು ಕೊಲ್ಲಬೇಡಿ ಎಂದು ಅವನು 1972ರಲ್ಲಿ ಸಾರಿದಾಗ ಅದು ದೊಡ್ಡ ಸುಧಾರಣೆಯೇ ಆಗಿತ್ತು. ಅದಕ್ಕೆ ಹಿಂದೆ ಸ್ಪರ್ಧೆಯ ಸಂಜೆ ಸತ್ತ ಮೀನುಗಳ ಸಾಲುಗಳನ್ನು ತೂಗುಹಾಕಿ ಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಆದರೆ ಬಿಟ್ಟ ಮೀನೆಲ್ಲ ಬದುಕುತ್ತದೆಯೇ? ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಬಿಟ್ಟವುಗಳಲ್ಲಿ ಸರಾಸರಿ ನೂರಕ್ಕೆ 18 ಸಾಯುತ್ತವೆ. ಗಾಳ ತುಟಿಗೆ ತಗುಲಿದರೆ ಕಡಿಮೆ, ಗಂಟಲಿಗಿಳಿದರೆ ಹೆಚ್ಚು; ನೀರು ತಣ್ಣಗಿದ್ದರೆ ಕಡಿಮೆ, ಬೆಚ್ಚಗಿದ್ದರೆ ಹೆಚ್ಚು. ಒಣಗೈಯಲ್ಲಿ ಹಿಡಿದರೆ ಮೈಯ ಲೋಳೆ ಹೋಗಿ ರೋಗಕ್ಕೆ ದಾರಿಯಾಗುತ್ತದೆ. ನೀರಿನಡಿಯಲ್ಲಿ ಆಗುವ ಸಾವನ್ನು ಚಿತ್ರ ತೆಗೆಯುವವರು ಯಾರೂ ಇಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಮೆರಿಕದ ಸ್ಪರ್ಧೆಯ ನೀತಿ, ಹಿಡಿದರೆ ಬಿಡು ಎನ್ನುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2008ರ ಪ್ರಾಣಿರಕ್ಷಣೆಯ ಶಾಸನ ಇದಕ್ಕೆ ತದ್ವಿರುದ್ಧ: ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಅಲ್ಲಿ ಅಪರಾಧ. ತಿನ್ನುವುದಾದರೆ ಹಿಡಿ, ತಿನ್ನದಿದ್ದರೆ ಅದರ ತಂಟೆಗೆ ಹೋಗಬೇಡ. ಎರಡೂ ನಾಗರಿಕ ದೇಶಗಳೇ. ಎರಡೂ ದಯೆಯ ಹೆಸರಿನಲ್ಲೇ ಮಾತಾಡುತ್ತವೆ.

ಸ್ವಿಸ್ ಶಾಸನವನ್ನು ಓದಿದಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಒಮ್ಮೆ ಕೆರೆಬೇಟೆಯ ಮೀನೊಂದನ್ನು ನಾನು ಹಿತ್ತಲ ಹಂಡೆಯಲ್ಲಿ ಬಿಟ್ಟು, ಬಾಲಕ್ಕೆ ನೂಲು ಕಟ್ಟಿ, ಎಳೆಯುವುದು ಬಿಡುವುದು ಮಾಡುತ್ತಿದ್ದೆ. ಮಡಿಲಲ್ಲಿ ಬೂದಿ ಹಾಕಿಕೊಂಡು ಅಷ್ಟೊತ್ತೂ ಮೀನು ಕೊಯ್ಯುತ್ತಿದ್ದ ಅಜ್ಜಿ ಎದ್ದು ಬಂದು ಬೆನ್ನಿಗೊಂದು ಗುದ್ದಿದಳು. "ಸಾರಿಗೆ ಹಾಕೋದಾದರೆ ಇಲ್ಲಿ ಕೊಡು. ಇಲ್ಲದಿದ್ದರೆ ಕೆರೆಗೆ ಬಿಟ್ಟು ಬಾ. ಅದರ ಕೂಡೆ ನಿಂದೇನು ಚೆಲ್ಲಾಟ?" ಕೈಯಲ್ಲಿ ರಕ್ತವಿದ್ದ ಅಜ್ಜಿಗೆ ಕೋಪ ಬಂದದ್ದು ರಕ್ತವೇ ಬರಿಸದ ನನ್ನ ಮೇಲೆ. ಅಂದು ಅದು ಅನ್ಯಾಯವೆನಿಸಿತ್ತು.

ಶಾಕುಂತಲವನ್ನು ಪಾಠ ಹೇಳುವಾಗಲೆಲ್ಲ ಈ ಗುದ್ದು ನೆನಪಾಗುತ್ತದೆ. ಎರಡನೆಯ ಅಂಕದಲ್ಲಿ ಸೇನಾಪತಿ ರಾಜನ ಬೇಟೆಯನ್ನು ಹೊಗಳುತ್ತಾನೆ: ಮೈ ಹಗುರಾಗುತ್ತದೆ, ಗುರಿ ಪಳಗುತ್ತದೆ, ಇದನ್ನು ವ್ಯಸನವೆನ್ನುವವರು ಸುಳ್ಳುಗಾರರು, ಇಂಥ ವಿನೋದ ಬೇರೆಲ್ಲಿದೆ ಎಂದು. ಆರನೆಯ ಅಂಕದ ಮೊದಲಲ್ಲಿ ಉಂಗುರ ಸಿಕ್ಕ ಬೆಸ್ತನನ್ನು ಕಾವಲಿನವರು ಎಳೆದು ತರುತ್ತಾರೆ. ಬಲು ಪರಿಶುದ್ಧವಾದ ಕಸುಬಪ್ಪಾ ನಿನ್ನದು ಎಂದು ಹಂಗಿಸುತ್ತಾರೆ. ಹೊಟ್ಟೆಗಾಗಿ ಕೊಂದವನಿಗೆ ಹಂಗು, ವಿನೋದಕ್ಕಾಗಿ ಕೊಂದವನಿಗೆ ಹೊಗಳಿಕೆ! ಮನು ಮಾತ್ರ ರಾಜನ ಕಾಮಜವ್ಯಸನಗಳನ್ನು ಪಟ್ಟಿ ಮಾಡುವಾಗ ಬೇಟೆಯನ್ನೇ ಮೊದಲು ಎಣಿಸುತ್ತಾನೆ. ಅಜ್ಜಿ ಮನುವನ್ನು ಓದಿರಲಿಲ್ಲ.

ನಮ್ಮ ಜೈನ ಕವಿಗಳು ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಕೊಂಡೊಯ್ದಿದ್ದಾರೆ. ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಜ ಬಲಿ ಕೊಡುವುದು ಹಿಟ್ಟಿನ ಹುಂಜವನ್ನು. ಸತ್ತದ್ದು ಯಾವುದೂ ಇಲ್ಲ. ಆದರೂ ಕೊಲ್ಲುವ ಸಂಕಲ್ಪವಿತ್ತೆಂಬ ಕಾರಣಕ್ಕೆ ಅವನೂ ತಾಯಿಯೂ ಜನ್ಮಜನ್ಮಾಂತರ ತೊಳಲುತ್ತಾರೆ. ಒಂದು ಜನ್ಮದಲ್ಲಿ ಅವನು ಮೀನಾಗಿಯೇ ಹುಟ್ಟುತ್ತಾನೆ. ಅಲ್ಲಿ ಜೀವವಿಲ್ಲ, ಸಂಕಲ್ಪವಿದೆ. ಸರೋವರದ ಸ್ಪರ್ಧೆಯಲ್ಲಿ ಜೀವವಿದೆ, ಕೊಲ್ಲುವ ಸಂಕಲ್ಪವಿಲ್ಲ. ಹಾಗಾದರೆ ಅವರು ನಿರ್ದೋಷಿಗಳೇ? ಅಷ್ಟು ಸುಲಭವಲ್ಲ. ಕೊಲ್ಲುವ ಸಂಕಲ್ಪವಿಲ್ಲ, ನಿಜ, ಚುಚ್ಚುವ ಸಂಕಲ್ಪವಿದೆ. 'ತತ್ತ್ವಾರ್ಥಸೂತ್ರ' ಅಹಿಂಸಾವ್ರತದ ಅತಿಚಾರಗಳನ್ನು ಹೇಳುವಾಗ ಕಟ್ಟುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅತಿಭಾರ ಹೊರಿಸುವುದು, ಅನ್ನನೀರು ತಡೆಯುವುದು ಎಂದು ಐದನ್ನು ಎಣಿಸುತ್ತದೆ. ಪ್ರಾಣಿ ಸತ್ತಿಲ್ಲವೆಂಬುದು ಅಲ್ಲಿ ಪೂರ್ತಿ ಉತ್ತರವಲ್ಲ.

ಜೈನ ಕಥೆಗಳಲ್ಲಿಯೇ ಹಿಡಿದು ಬಿಟ್ಟ ಮೀನಿನ ಕಥೆಯೂ ಒಂದಿದೆ. ಮೃಗಸೇನನೆಂಬ ಬೆಸ್ತ, ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವುದಾಗಿ ಮುನಿಯ ಹತ್ತಿರ ವ್ರತ ಹಿಡಿದ. ಮೊದಲು ಸಿಕ್ಕ ಮೀನಿಗೆ ಗುರುತು ಕಟ್ಟಿ ಬಿಟ್ಟ. ಮತ್ತೆ ಮತ್ತೆ ಅದೇ ಮೀನು ಬಂತು. ಐದು ಸಲವೂ ಬಿಟ್ಟ. ಬರಿಗೈಲಿ ಮನೆಗೆ ಹೋದ. ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನನ್ನು ಹಾವು ಕಚ್ಚಿತು. ಮುಂದಿನ ಜನ್ಮದಲ್ಲಿ ಐದು ಗಂಡಾಂತರಗಳಿಂದ ಅವನು ಪಾರಾದ. ಈ ಬೆಸ್ತನೂ ಬಿಟ್ಟ, ಸ್ಪರ್ಧೆಯವರೂ ಬಿಡುತ್ತಾರೆ. ವ್ಯತ್ಯಾಸವೇನು? ಅವನು ಬಿಟ್ಟದ್ದು ತನ್ನ ರಾತ್ರಿಯ ಊಟವನ್ನು. ಅಳೆದು ಚಿತ್ರ ತೆಗೆದ ಮೇಲೆ ಬಿಡುವವನು ತನಗೆ ಬೇಕಾದದ್ದನ್ನು ಆಗಲೇ ಪಡೆದಾಗಿದೆ. ನೀರಿಗೆ ಹಾಕುವುದು ಉಳಿಕೆಯನ್ನು. ಬೆಲೆ ತೆರದೆ ತೋರಿದ ದಯೆಯೂ ದಯೆಯೇ. ಆದರೆ ಹಗುರವಾದ ದಯೆ.

ಇಷ್ಟು ದೂರ ಬಂದು ನಾನು ತೀರ್ಪು ಬರೆಯಲು ಲೇಖನಿ ಎತ್ತಿದ್ದೆ. ಆಗ ನಮ್ಮ ಕಾವೇರಿಯೇ ಅಡ್ಡ ಬಂದಳು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗೂನುಬೆನ್ನಿನ ಮಹಶೀರ್ ಮೀನಿಗೆ ದೇಶವಿದೇಶದವರು ಗಾಳ ಹಾಕಿ, ತೂಗಿ, ಬಿಡುತ್ತಿದ್ದರು. ಗಾಳದವರ ಹಣದಿಂದ ಕಾವಲುಗಾರರು ಇದ್ದರು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಅಲ್ಲಿ ಹೆದರುತ್ತಿದ್ದರು. ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂದು ಕಾನೂನಿನ ಪ್ರಕಾರ 2012ರ ಸುಮಾರಿಗೆ ಅದು ನಿಂತಿತು. ಆ ಮೀನು ಅಳಿವಿನ ಅಂಚಿಗೆ ಬಂದಿದೆಯೆಂದು ವಿಜ್ಞಾನಿಗಳು ಕಂಡುಕೊಂಡದ್ದು 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಗಾಳದವರು ಬರೆದಿಟ್ಟಿದ್ದ ಲೆಕ್ಕದ ಪುಸ್ತಕಗಳಿಂದ! 2018ರಲ್ಲಿ ಅದು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಚುಚ್ಚಿದವರೇ ಎಣಿಸಿದರು, ಎಣಿಸಿದವರೇ ಕಾದರು. ಚುಚ್ಚದ ನಾವು ಆ ಮೀನಿನ ಹೆಸರನ್ನೂ ಕೇಳಿರಲಿಲ್ಲ. ಹಾಗೆಯೇ, ಮದುವೆಗೆ ರೇಷ್ಮೆಯ ಸೀರೆಯೇ ಬೇಕೆನ್ನುವ ನಮ್ಮ ಮನೆಗಳಲ್ಲಿ ಒಂದೊಂದು ಸೀರೆಗೂ ಕುದಿನೀರಿಗೆ ಬಿದ್ದ ಸಾವಿರಾರು ಗೂಡುಗಳ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ದೂರದ ಹಿಂಸೆ ಕಣ್ಣಿಗೆ ಬೀಳುವುದಿಲ್ಲ. ನಗುವ ಹಿಂಸೆ ಬೇಗ ಬೀಳುತ್ತದೆ.

ಕಡೆಗೆ ನಾನು ಆಕೆಗೆ ಬರೆದದ್ದು ಇಷ್ಟು: "ನಿನ್ನ ನಗೆ ತಪ್ಪಲ್ಲ, ತಾಯಿ. ಅದು ಸರೋವರದ್ದು, ಗೆಳತಿಯರದ್ದು, ಒಂದು ವರ್ಷದ ದುಃಖದಿಂದ ಈಚೆಗೆ ಬಂದವಳದ್ದು. ಆದರೆ ಆ ನಗೆಯ ಬೆಲೆಯನ್ನು ತೆತ್ತದ್ದು ನೀನಲ್ಲ, ಮೀನು. ಅದರ ತುಟಿ ಹರಿದದ್ದು ತಪ್ಪೇ. ಒಂದನ್ನು ಹಿಡಿದು ಮನೆಮಂದಿಗೆ ಬಡಿಸುವ ನಿನ್ನ ನೆರೆಯವಳು, ಹತ್ತನ್ನು ಹಿಡಿದು ಬಿಡುವವಳಿಗಿಂತ ಗಟ್ಟಿ ನೆಲದ ಮೇಲಿದ್ದಾಳೆಂದು ನನಗೆ ತೋರುತ್ತದೆ. ನೀನು ತಿನ್ನುವವಳಲ್ಲ; ಆದ್ದರಿಂದ ನಿನ್ನ ದಾರಿ ಇಕ್ಕಟ್ಟಿನದು. ದೋಣಿ ಹತ್ತು, ವೇಷ ಹಾಕು, ನಗು, ಗಾಳ ಬೇಡ."

ಎರಡು ದಿನದಲ್ಲಿ ಉತ್ತರ ಬಂತು. "ಸರ್, ಗಾಳವಿಲ್ಲದೆ ಹೋದರೆ ನಾನು ನೋಡುವವಳಾಗುತ್ತೇನೆ, ಅವರಲ್ಲೊಬ್ಬಳಾಗುವುದಿಲ್ಲ. ಇಷ್ಟು ವರ್ಷ ಇಲ್ಲಿ ನೋಡುವವಳಾಗಿಯೇ ಇದ್ದೆ." ಇದಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ. ಒಬ್ಬಂಟಿತನವೂ ಒಂದು ಗಾಳವೇ, ಚುಚ್ಚಿಸಿಕೊಂಡವರಿಗೆ ಗೊತ್ತು. ಆದರೂ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸರಿಯಾದ ಮಾತು ಕೇಳಿದವರಿಗೆ ಯಾವಾಗಲೂ ಹಿತವಾಗಬೇಕೆಂದಿಲ್ಲ; ಹಿತವಾಗದಿದ್ದುದಕ್ಕೆ ಹೇಳಿದವನಿಗೆ ಸಂಕಟವಾಗಬೇಕು, ಅಷ್ಟೆ.

ದಸರಾ ರಜೆಯಲ್ಲಿ ಶೃಂಗೇರಿಗೆ ಹೋಗಿದ್ದೆವು. ತುಂಗೆಯ ಸೋಪಾನದಲ್ಲಿ ಕುಳಿತು ಮಗಳು ಮಂಡಕ್ಕಿ ಎಸೆಯುತ್ತಿದ್ದಳು. ತೊಡೆಗಾತ್ರದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಅವಳು ಕಣ್ಣು ಮುಚ್ಚುವಷ್ಟು ನಗುತ್ತಿದ್ದಳು. ಮಿನ್ನೆಸೋಟದ ಚಿತ್ರದಲ್ಲಿದ್ದ ನಗೆಯೇ ಅದು. ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ. ಹೊಳೆಯಲ್ಲಿ ಇನ್ನೂ ಸ್ವಲ್ಪ ಕೆಳಗೆ ಹೋದರೆ ಇವೇ ಮೀನುಗಳಿಗೆ ದೇವರ ರಕ್ಷೆಯೂ ಇಲ್ಲ. ಮಂಡಕ್ಕಿ ಹಾಕುವ ಕೈಗೂ ಎರೆ ಹಾಕುವ ಕೈಗೂ ನೀರಿನ ಕೆಳಗಿನಿಂದ ನೋಡುವ ಮೀನಿಗೆ ಭೇದ ತಿಳಿಯದು. ಎರಡಕ್ಕೂ ಅದು ಒಂದೇ ನಂಬಿಕೆಯಿಂದ ಬಾಯಿ ತೆರೆಯುತ್ತದೆ. ಭೇದವೆಲ್ಲ ನೀರಿನ ಮೇಲಿರುವ ನಮ್ಮಲ್ಲಿ.

ಮಿನ್ನೆಸೋಟದಲ್ಲಿ ಗಾಳದ ಋತು ಮೇ ತಿಂಗಳಲ್ಲಿ ಮತ್ತೆ ತೆರೆಯುತ್ತದೆ. ಆಕೆ ಏನು ಮಾಡುತ್ತಾಳೆಂದು ಕೇಳಿಲ್ಲ, ಕೇಳುವುದೂ ಇಲ್ಲ. ಹೇಳಬೇಕೆನಿಸಿದರೆ ಅವಳೇ ಬರೆದಾಳು.